ಹನಿ ನಿಲ್ಲುವ ಹೊತ್ತು

ಹಳೆಯ ಟಾಟಾ ಲಾರಿಯ ಇಂಜಿನ್ನನ್ನು ಮನೆಯ ಹಿತ್ತಲಲ್ಲೇ ಬಿಚ್ಚಿ ಕಟ್ಟುವವರು ಇನ್ನೂ ಇದ್ದಾರೆ. ಕ್ರ್ಯಾಂಕು ಗ್ರೈಂಡಿಂಗಿಗೆ, ಹೆಡ್ಡು ವಾಲ್ವ್ ಸೀಟಿನ ಕೆಲಸಕ್ಕೆ ಪೇಟೆಗೆ ಹೋಗಿ ಬರುತ್ತವೆ. ಮಿಕ್ಕದ್ದೆಲ್ಲ ಟಾರ್ಪಾಲಿನ ಮೇಲೇ ನಡೆಯುತ್ತದೆ. ರಿಂಗು, ಬೇರಿಂಗುಗಳಿಗೆ ತೋರುವ ಶ್ರದ್ಧೆಯನ್ನು ಇವರು ಟೈಮಿಂಗಿಗೆ ತೋರುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ‘ಪಂಪು ಕೂರಿಸಿ ಸ್ಟಾರ್ಟ್ ಮಾಡಿ, ಸದ್ದು ಕೇಳಿಕೊಂಡು ಆಚೀಚೆ ತಿರುಗಿಸಿದರಾಯ್ತು’ ಎನ್ನುತ್ತಾರೆ.

ಆ ಸದ್ದೇ ಮೋಸಗಾತಿ. ಇಂಜಿನ್ 1500 ಆರ್‌ಪಿಎಂನಲ್ಲಿ ಓಡುವಾಗ ಕ್ರ್ಯಾಂಕು ಒಂದು ಮಿಲಿಸೆಕೆಂಡಿಗೆ 9 ಡಿಗ್ರಿ ತಿರುಗುತ್ತದೆ. ನಾಜಲ್‌ನಿಂದ ಚಿಮ್ಮಿದ ಡೀಸೆಲ್ ಹೊತ್ತಿಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅದಕ್ಕೇ ಪಿಸ್ಟನ್ ತುದಿ ಮುಟ್ಟುವ ಮೊದಲೇ ಸಿಂಪಡಣೆ ಶುರುವಾಗಬೇಕು. ತೀರಾ ಮೊದಲಾದರೆ ಹೊತ್ತಿಕೊಳ್ಳುವಷ್ಟರಲ್ಲಿ ಡೀಸೆಲ್ ಹೆಚ್ಚು ಸೇರಿರುತ್ತದೆ, ಅಷ್ಟೂ ಒಮ್ಮೆಗೇ ಉರಿದು ಟಣಟಣ ಬಡಿಯುತ್ತದೆ. ಕೇಳುವ ಕಿವಿಗೆ ಇಂಜಿನ್ ಗಟ್ಟಿಯಾಗಿದೆ, ಪಿಕಪ್ ಚೆನ್ನಾಗಿದೆ ಅನ್ನಿಸುತ್ತದೆ; ಹೊಡೆತ ತಿನ್ನುವುದು ಹೆಡ್ ಗ್ಯಾಸ್ಕೆಟ್ಟು, ಹೊಸದಾಗಿ ಹಾಕಿದ ಬೇರಿಂಗು. ಟೈಮಿಂಗ್ ಲೇಟಾದರೆ ಬೆಳಿಗ್ಗೆ ಬಿಳಿ ಹೊಗೆ, ಘಾಟಿ ಹತ್ತುವಾಗ ಸುಸ್ತು, ಕಾದು ಕೆಂಡವಾಗುವ ಸೈಲೆನ್ಸರ್. ಇದು ಬೇಗ ಗೊತ್ತಾಗುತ್ತದೆ. ಮುಂಚಿನ ಟೈಮಿಂಗಿಗೆ ಮಾತ್ರ ಮೆಚ್ಚುಗೆಯೇ ಸಿಗುತ್ತದೆ.

ಮೊದಲು ಗೇರುಗಳ ಗುರುತು. ಕ್ಯಾಮ್‌ಶಾಫ್ಟು, ಪಂಪು ಎರಡೂ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತವೆ. ನಡುವೆ ಐಡ್ಲರ್ ಗೇರು ಇರುವ ಇಂಜಿನ್ನುಗಳಲ್ಲಿ ಒಂದು ಭಯ ಸಾಮಾನ್ಯ: ಗುರುತು ಕೂಡಿಸಿ ಎರಡು ಸುತ್ತು ತಿರುಗಿಸಿದರೆ ಐಡ್ಲರಿನ ಗುರುತು ಎಲ್ಲೋ ಹೋಗಿರುತ್ತದೆ. ಹಲ್ಲುಗಳ ಲೆಕ್ಕ ಹಾಗಿದೆ. ಅಮಾವಾಸ್ಯೆಯೂ ಸಂತೆಯೂ ಒಂದೇ ದಿನ ಬೀಳಲು ಕಾಯುವ ಹಾಗೆ, ಅವು ಮತ್ತೆ ಕೂಡಲು ಎಷ್ಟೋ ಸುತ್ತು ಬೇಕು. ಗಾಬರಿಯಾಗಿ ಕಟ್ಟಿದ್ದನ್ನು ಬಿಚ್ಚಬೇಡಿ.

ಆಮೇಲೆ ಒಂದನೇ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತರಬೇಕು. ಫೈರಿಂಗ್ ಆರ್ಡರ್ 1-5-3-6-2-4 ಆದ್ದರಿಂದ ಆಗ ಆರನೆಯದರ ಎರಡು ವಾಲ್ವುಗಳೂ ಅಲುಗಾಡುತ್ತವೆ, ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ. ಅಲುಗಾಟ ಒಂದನೆಯದರಲ್ಲೇ ಕಂಡರೆ ಇನ್ನೊಂದು ಪೂರ್ತಿ ಸುತ್ತು ಬೇಕು. ‘ಮೇಲೆ ಬಂತು’ ಎಂದು ಕಣ್ಣಳತೆಯಲ್ಲಿ ಹೇಳುವುದೂ ಸಾಲದು. ಟಾಟಾದ 697 ಇಂಜಿನ್ನಿನ ಸ್ಟ್ರೋಕ್ 128 ಮಿ.ಮೀ.; ಆದರೂ ತುದಿಯ ಆಚೀಚೆ 5 ಡಿಗ್ರಿಯಲ್ಲಿ ಪಿಸ್ಟನ್ ಇಳಿಯುವುದು ಸುಮಾರು 0.3 ಮಿ.ಮೀ. ಮಾತ್ರ. ಅದಕ್ಕೇ ಹೆಡ್ಡು ಕೂರಿಸುವ ಮೊದಲೇ ಡಯಲ್ ಗೇಜ್ ಇಟ್ಟು, ಎರಡೂ ಕಡೆ ಸಮನಾಗಿ ಇಳಿದ ಜಾಗ ಹಿಡಿದು, ನಡುವೆ ಗೆರೆ ಹಾಕಿಕೊಳ್ಳಬೇಕು. ಪುಲ್ಲಿಯ ಹಳೆಯ ಗುರುತನ್ನು ಆ ಗೆರೆಯ ಜೊತೆ ತಾಳೆ ನೋಡದೆ ನಂಬಬಾರದು.

ಇನ್ನು ಪಂಪು. ಬಾಷ್ ಕಂಪನಿ ಜರ್ಮನಿಯಲ್ಲಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ ಸಾಲು ಪಂಪಿನ ವಂಶವೇ ನಮ್ಮ ಆಡುಗೋಡಿಯ ಮೈಕೋ ಪಂಪು. ಒಂದನೇ ಸಿಲಿಂಡರಿನ ಪೈಪು ಕಳಚಿ, ಡೆಲಿವರಿ ವಾಲ್ವು ಮತ್ತು ಸ್ಪ್ರಿಂಗು ಹೊರತೆಗೆದು, ಹೋಲ್ಡರನ್ನು ಮತ್ತೆ ಬಿಗಿದು, ಅದಕ್ಕೆ ಬಾಗಿದ ಸಣ್ಣ ಪೈಪು ಹಾಕಿ. ಕಂಟ್ರೋಲ್ ರಾಡ್ ಪೂರ್ತಿ ಕೊಡುವ ಕಡೆ ಇರಲಿ. ಹ್ಯಾಂಡ್ ಪಂಪು ಒತ್ತಿದರೆ ಡೀಸೆಲ್ ಧಾರೆಯಾಗಿ ಬರುತ್ತದೆ. ಕ್ರ್ಯಾಂಕನ್ನು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸುತ್ತಾ ಹೋದರೆ ಧಾರೆ ಸಣ್ಣದಾಗಿ, ಹನಿಯಾಗಿ, ನಿಲ್ಲುತ್ತದೆ. ಪ್ಲಂಜರಿನ ಮೇಲಂಚು ಒಳತೂತನ್ನು ಮುಚ್ಚಿದ ಕ್ಷಣ ಅದು. ಆಗ ಪುಲ್ಲಿ ತೋರುವ ಡಿಗ್ರಿಯೇ ಟೈಮಿಂಗ್. ಅದು ಕಂಪನಿ ಪುಸ್ತಕದಲ್ಲಿ ಬರೆದಷ್ಟಕ್ಕೆ ಬರಬೇಕು.

ಹನಿ ನಿಂತ ಮೇಲೂ ಕೈ ಮುಂದೆ ಹೋಯಿತೆನ್ನಿ, ಅಲ್ಲಿಂದಲೇ ಚೂರು ಹಿಂದೆ ತಿರುಗಿಸಿ ಸರಿಮಾಡುವಂತಿಲ್ಲ. ಗೇರಿನ ಹಲ್ಲುಗಳ ನಡುವಿನ ಸಡಿಲ ಲೆಕ್ಕ ಕೆಡಿಸುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು. ಫ್ಲ್ಯಾಂಜಿನ ಪಂಪಾದರೆ ಬೋಲ್ಟು ಸಡಿಲಿಸಿ, ಶಾಫ್ಟು ತಿರುಗುವ ದಿಕ್ಕಿಗೆ ಎದುರಾಗಿ ಪಂಪನ್ನು ಒಂದು ಡಿಗ್ರಿ ತಿರುಗಿಸಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು ಡಿಗ್ರಿ ಮುಂದಾಗುತ್ತದೆ. ಕೂದಲೆಳೆಯಷ್ಟು ಸರಿಸಿ, ಬಿಗಿದು, ಮತ್ತೆ ಹನಿ ನೋಡಬೇಕು. ದಿನಗೂಲಿಯ ಗ್ಯಾರೇಜಿನಲ್ಲಿ ಇದಕ್ಕೆ ಪುರುಸೊತ್ತಿಲ್ಲ, ಹಿತ್ತಲಲ್ಲಿ ಉಂಟು.

ಸರಿಬಂದ ಮೇಲೆ ಡೆಲಿವರಿ ವಾಲ್ವನ್ನು ಹೊಸ ವಾಷರಿನೊಂದಿಗೆ ಕೂರಿಸಿ ಏರ್ ತೆಗೆಯಿರಿ. ಪಂಪಿನ ಫ್ಲ್ಯಾಂಜಿನ ಮೇಲೆ ಯಾರ್ಯಾರೋ ಉಳಿಯಲ್ಲಿ ಹೊಡೆದ ಮೂರು ನಾಲ್ಕು ಹಳೆಯ ಗೆರೆಗಳಿದ್ದರೆ ಎಲ್ಲವನ್ನೂ ಅರದಿಂದ ಉಜ್ಜಿ ಅಳಿಸಿ, ನಿಮ್ಮದೊಂದನ್ನೇ ಉಳಿಸಿ.