ಚಿರೋಟಿ ರವೆಯ ಅನ್ನ

ದಸರೆಯಲ್ಲಿ ಗೊಂಬೆ ಕೂರಿಸಿದವರ ಮನೆಗೆ ಹೋದರೆ ನನ್ನ ಕಣ್ಣು ಪಟ್ಟದ ಗೊಂಬೆಗಳಿಗಿಂತ ಮೊದಲು ಮೆಟ್ಟಿಲ ಕೆಳಗೆ ಹರಡಿದ ಪುಟ್ಟ ಊರಿನ ಮೇಲೆ ಬೀಳುತ್ತದೆ. ಗದ್ದೆ, ಬಾವಿ, ಸಂತೆ, ಮದುವೆಮನೆ. ಈಚೆಗೆ ಇವನ್ನೆಲ್ಲ ಮನೆಯ ಗುಜರಿಯಿಂದಲೇ ಮಾಡುವ ಉಮೇದು ಹೆಚ್ಚಿದೆ, 'ಕಸದಿಂದ ರಸ' ಎಂಬ ಹೆಸರೂ ಅಂಟಿದೆ. ನೋಡಿದವರು "ಅರೆ, ಬಕೀಟು ಪೇಸ್ಟಿನ ಮುಚ್ಚಳ ಅಲ್ವಾ!" ಎಂದು ಮೆಚ್ಚುತ್ತಾರೆ. ನನ್ನ ತಕರಾರು ಈ ಮೆಚ್ಚುಗೆಯ ಮೇಲೆಯೇ. ಮುಚ್ಚಳ ಮುಚ್ಚಳವಾಗಿಯೇ ಕಂಡ ಮೇಲೆ ಬಕೀಟು ಎಲ್ಲಿ ಬಂತು?

ಗೊಂಬೆಮನೆ ಕಟ್ಟುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಅಡಿಗೆ ಒಂದಿಂಚು. ಇಂಗ್ಲೆಂಡಿನ ರಾಣಿ ಮೇರಿಗಾಗಿ 1924ರಲ್ಲಿ ಮುಗಿಸಿದ ಗೊಂಬೆಮನೆಯ ಅಳತೆಯೂ ಇದೇ. ಆಕಾರವನ್ನು ಈ ಲೆಕ್ಕಕ್ಕೆ ಇಳಿಸುವುದು ಸುಲಭ. ಆದರೆ ವಸ್ತುವಿನ ಎಳೆ, ನರ, ಕಾಳು? ಎರಡು ಮಿಲಿಮೀಟರ್ ದಪ್ಪದ ಸೆಣಬಿನ ಹುರಿಯಿಂದ ಚಾಪೆ ಹೆಣೆದರೆ, ಗೊಂಬೆಯ ಲೋಕದಲ್ಲಿ ಅದು ಒಂದಿಂಚು ದಪ್ಪದ ಹಗ್ಗದ ಚಾಪೆ. ಅದರ ಮೇಲೆ ಯಾರು ಮಲಗಿಯಾರು?

ಒಂದು ಮದುವೆಮನೆಯ ಪಂಕ್ತಿಯಲ್ಲಿ ಮಾತ್ರ ಈ ಲೆಕ್ಕ ಸರಿಯಾಗಿ ಕೂತಿತ್ತು. ಬಾಳೆಲೆಗೆ ಮಾವಿನೆಲೆ. ಬಾಳೆಯಂತೆ ಇದಕ್ಕೂ ನಡುವೆ ದಿಂಡು, ಅದರಿಂದ ಇಕ್ಕೆಲಕ್ಕೂ ಹೊರಟ ಒತ್ತೊತ್ತು ನರ. ಆರಿಂಚಿನ ಮಾವಿನೆಲೆ ಎಂದರೆ ಆರಡಿ ಬಾಳೆಲೆಯೇ ಆಯಿತು. ತುದಿಯಿಂದ ಎರಡಿಂಚು ಕತ್ತರಿಸಿ, ಕುಡಿ ಎಡಕ್ಕೆ ಬರುವಂತೆ ಹಾಕಿದ್ದರು. ಅನ್ನಕ್ಕೆ ಚಿರೋಟಿ ರವೆ. ಅಕ್ಕಿಯನ್ನೇ ಬಡಿಸಿದ್ದರೆ ಒಂದೊಂದು ಅಗುಳೂ ಗೊಂಬೆಯ ಬೆರಳಿಗಿಂತ ದಪ್ಪ ಕಾಣುತ್ತಿತ್ತು. ಹಪ್ಪಳಕ್ಕೆ ಬೆಳ್ಳುಳ್ಳಿ ಸಿಪ್ಪೆ. ಅಲ್ಲಿ ಮಾವಿನೆಲೆ ಎಂದು ಯಾರೂ ಉದ್ಗರಿಸಲಿಲ್ಲ, ಊಟ ಏನೇನಿದೆ ಎಂದು ಬಗ್ಗಿ ನೋಡಿದರು.

ಎಲೆ ಎರಡು ದಿನಕ್ಕೆ ಮುರುಟುತ್ತದೆ, ನಿಜ. ವಾರ್ನಿಷ್ ಬಳಿದರೆ ಉಳಿಯಬಹುದು, ಆದರೆ ಪ್ಲಾಸ್ಟಿಕ್ಕಿನ ಹೊಳಪು ಬಂದು ಮಾಡಿದ್ದೆಲ್ಲ ಮಣ್ಣುಪಾಲು. ದಿನಾ ಹೊಸ ಎಲೆ ಹಾಕಿದರಾಯಿತು; ಉಂಡ ಎಲೆಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ತಟ್ಟೆಯಲ್ಲಿ ಚೆಲ್ಲಿದ ರಾಗಿಯ ಪೈರನ್ನು ಹೀಗೆಯೇ ನಾವು ಒಪ್ಪಿಕೊಂಡು ಬಂದಿದ್ದೇವೆ, ಅದು ಬೆಳೆದು ಪಕ್ಕದ ಗೊಂಬೆಯ ಮುಖಕ್ಕೆ ತಾಗಿದರೂ.

ಇನ್ನು ಐಸ್‌ಕ್ರೀಂ ಕಡ್ಡಿ. ಒಂದು ಐಸ್‌ಕ್ರೀಮನ್ನೂ ತಿನ್ನದೆ ಅಂಗಡಿಯಿಂದ ಹೊಸ ಕಡ್ಡಿಯ ಕಟ್ಟು ತಂದು, ಗ್ಲೂ ಗನ್ನಿನಿಂದ ಅಂಟಿಸಿ, ಮರುಬಳಕೆ ಎನ್ನುವುದು ನಗೆಪಾಟಲು. ಸಂದಿಯಲ್ಲಿ ಉಬ್ಬಿ ನಿಂತ ಅಂಟಿನ ಗುಳ್ಳೆ, ಜೇಡನ ಬಲೆಯಂಥ ಎಳೆ ಬೇರೆ.

ಇವರೆಲ್ಲ ಉತ್ತರ ಕರ್ನಾಟಕದ ಹೊಲಗಳಲ್ಲಿ ಮಕ್ಕಳು ಮಾಡುತ್ತಿದ್ದ ಜೋಳದ ದಂಟಿನ ಬಂಡಿಯನ್ನು ನೋಡಬೇಕಿತ್ತು. ದಂಟಿನ ಸಿಪ್ಪೆ ಸುಲಿದರೆ ಒಳಗೆ ಮೆತ್ತನೆಯ ಬೆಂಡು. ಸುಲಿದ ಸಿಪ್ಪೆಯನ್ನೇ ಚೂಪಾಗಿ ಸೀಳಿ ಬೆಂಡಿಗೆ ಚುಚ್ಚಿದರೆ ಅದೇ ಮೊಳೆ, ಅದೇ ಅಚ್ಚು. ಅಂಟಿಲ್ಲ, ದಾರವಿಲ್ಲ. ಅಡಿಗೆ ಇಂಚಿನ ಲೆಕ್ಕವೂ ಇಲ್ಲ, ಆದರೂ ಅದು ಬಂಡಿಯೇ, ಎಳೆದರೆ ಬರುತ್ತದೆ. ಥರ್ಮಾಕೋಲಿನ ಗಾಡಿ ನಿಲ್ಲಿಸಿ ಸಂತೆ ಹೂಡುವವರು ಮುಂದಿನ ದಸರೆಗಾದರೂ ಇಂಥದೊಂದನ್ನು ಮಾಡಿ ನೋಡಲಿ. ದಂಟು ಸಿಗುವುದಿಲ್ಲ ಎಂಬ ನೆಪ ಬೇಡ, ನವರಾತ್ರಿಗೆ ಮುಂಚೆ ಊರಿಗೆ ಹೋಗಿಬರುವವರು ನಮ್ಮಲ್ಲಿ ಕಡಿಮೆಯೇನಿಲ್ಲ.