ತೊಟ್ಟಿಲ ಪಕ್ಕದ ಮಗು

ಮನೆಯಲ್ಲಿ ಎರಡನೆಯ ಕೂಸು ಹುಟ್ಟಿದಾಗ ನೋಡಲು ಬಂದವರು ಬಾಗಿಲು ದಾಟಿ ನೇರವಾಗಿ ತೊಟ್ಟಿಲ ಬಳಿಗೆ ಹೋಗುತ್ತಾರೆ. ಮೂಗು ಯಾರದು, ಬಣ್ಣ ಯಾರ ಕಡೆಯದು ಎಂಬ ಚರ್ಚೆ ನಡೆಯುತ್ತದೆ. ಅದು ಮುಗಿದ ಮೇಲೆ ಅವರಲ್ಲೊಬ್ಬರ ಕಣ್ಣು ಬಾಗಿಲ ಮರೆಯಲ್ಲಿ ನಿಂತ ಮೂರು ವರ್ಷದ ಮೊದಲ ಮಗುವಿನ ಮೇಲೆ ಬೀಳುತ್ತದೆ. “ಏನೋ ಪುಟ್ಟ, ನಿನ್ನ ತಮ್ಮನನ್ನು ನಾವು ಎತ್ತಿಕೊಂಡು ಹೋಗೋಣವೇನೋ?” ಎಂದು ಕೇಳುತ್ತಾರೆ. ಮಗು “ಬೇಡ” ಎಂದರೆ ಎಲ್ಲರಿಗೂ ಸಂತೋಷ. “ಹೂಂ, ತೆಗೆದುಕೊಂಡು ಹೋಗಿ” ಎಂದರೆ ಎಲ್ಲರಿಗೂ ನಗು. ಎರಡರಲ್ಲಿ ಯಾವ ಉತ್ತರ ಬಂದರೂ ಅದರ ಹಿಂದೆ ಏನಿದೆ ಎಂದು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರುವುದಿಲ್ಲ. ಕಾಫಿ ಬರುತ್ತದೆ, ಮಾತು ಬೇರೆ ಕಡೆಗೆ ಹೊರಳುತ್ತದೆ.

ನಮ್ಮ ಸಾಹಿತ್ಯವೂ ಬಹುಮಟ್ಟಿಗೆ ಈ ನೆಂಟರ ಹಾಗೆಯೇ ತೊಟ್ಟಿಲನ್ನು ನೋಡಿ ಹಿಂದಿರುಗಿದೆ ಎಂಬುದು ನನ್ನ ದೂರು. ಕೂಸಿನ ವಿಷಯದಲ್ಲಿ ಕನ್ನಡ ಬಡಭಾಷೆಯಲ್ಲ. ಅಂಬೆಗಾಲು, ತಪ್ಪುಹೆಜ್ಜೆ, ತೊದಲುನುಡಿ ಎಂದು ಕೂಸಿನ ಒಂದೊಂದು ನಡೆಗೂ ನುಡಿಗೂ ನಮ್ಮಲ್ಲಿ ಮುದ್ದಾದ ಮಾತುಗಳಿವೆ. ದಾಸರ ಪದಗಳಿಂದ ಹಿಡಿದು ನವೋದಯದ ಭಾವಗೀತೆಯವರೆಗೆ ಕೂಸನ್ನು ಆಡಿಸಿದ ಕಾವ್ಯವಿದೆ. ಆದರೆ ಆ ಕೂಸು ಬಂದ ದಿನ ತಾಯಿಯ ಮಗ್ಗುಲಿನಿಂದ ಎದ್ದು ಅಜ್ಜಿಯ ಚಾಪೆಗೆ ಹೋದ ಮಗುವಿನ ಕಥೆ ಎಲ್ಲಿದೆ ಎಂದು ಹುಡುಕಹೊರಟರೆ ಸಿಗುವುದು ಸ್ವಲ್ಪವೇ.

ಇದಕ್ಕೆ ಕಾರಣ ನಮ್ಮ ರಸವಿಚಾರದಲ್ಲಿಯೇ ಒಂದಿಷ್ಟು ಇದ್ದೀತು. ಭರತನು ಎಣಿಸಿದ ಎಂಟು ರಸಗಳಲ್ಲಿ ಮಕ್ಕಳ ಮೇಲಣ ಪ್ರೀತಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. 14ನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವನ್ನೂ ರಸವೆಂದು ಒಪ್ಪಿ ಅದರ ಅಂಗಗಳನ್ನು ವಿವರಿಸಿದ. ಮಗು ಆಲಂಬನ, ಅದರ ಆಟಪಾಟಗಳು ಉದ್ದೀಪನ, ಅಪ್ಪುವುದು, ನೆತ್ತಿಗೆ ಮುತ್ತಿಡುವುದು, ಕಣ್ಣು ತುಂಬುವುದು ಅನುಭಾವ, ಕೇಡಾದೀತೆಂಬ ಶಂಕೆ, ಹರ್ಷ, ಗರ್ವ ಮೊದಲಾದವು ಸಂಚಾರಿಗಳು. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ನೋಡುವವರು ಹಿರಿಯರು, ನೋಟಕ್ಕೆ ವಸ್ತುವಾಗುವುದು ಮಗು. ಮಗುವೇ ಇನ್ನೊಂದು ಮಗುವನ್ನು ನೋಡಿದರೆ? ಆ ನೋಟದಲ್ಲಿ ಪ್ರೀತಿಯೂ ಇರುತ್ತದೆ, ಹೊಟ್ಟೆಕಿಚ್ಚೂ ಇರುತ್ತದೆ, ಅಂಜಿಕೆಯೂ ಇರುತ್ತದೆ. ಕೂಸಿನ ಕೆನ್ನೆಗೆ ಮುತ್ತಿಟ್ಟ ಬಾಯಿ ಮರುಗಳಿಗೆಯಲ್ಲಿ ಕಚ್ಚಿಬಿಡುತ್ತದೆ. ಕಚ್ಚಿದ ಮೇಲೆ ಕೂಸಿಗಿಂತ ಜೋರಾಗಿ ಅಳುತ್ತದೆ. ಅಸೂಯೆಯೂ ನಮ್ಮ ಆಲಂಕಾರಿಕರು ಬಲ್ಲ ಭಾವವೇ. ಆದರೆ ವಾತ್ಸಲ್ಯದ ಮನೆಯಲ್ಲಿ ಅದಕ್ಕೆ ಮಣೆ ಹಾಕಿದವರು ಕಡಮೆ.

ಪುರಂದರದಾಸರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಗುಮ್ಮನ ಪದವನ್ನು ನೆನೆಯೋಣ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುತ್ತಾನೆ. ಇನ್ನು ಮೇಲೆ ಆ ತುಂಟತನ ಮಾಡುವುದಿಲ್ಲ, ಈ ಹಟ ಹಿಡಿಯುವುದಿಲ್ಲ ಎಂದು ಒಂದೊಂದಾಗಿ ಮಾತು ಕೊಡುತ್ತಾನೆ. ಇಲ್ಲಿ ಮಗುವೇ ಬಾಯಿಬಿಟ್ಟು ಮಾತನಾಡುತ್ತದೆ, ಭಯವನ್ನು ಹೇಳಿಕೊಳ್ಳುತ್ತದೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಮನೆಯಲ್ಲಿ ಇರುವವರು ತಾಯಿ ಮತ್ತು ಒಂದೇ ಮಗು. ಬಲರಾಮನೆಲ್ಲಿ? ನಾನು ಓದಿದಷ್ಟರಲ್ಲಿ ಕನ್ನಡದ ಕೃಷ್ಣಲೀಲೆಯಲ್ಲಿ ಅವನಿಗೆ ಮಾತು ಕಡಮೆ. ಉತ್ತರದ ಸೂರದಾಸರ ಒಂದು ಪದದಲ್ಲಿ ಅವನು ಬರುತ್ತಾನೆ. ನಿನ್ನನ್ನು ಕೊಂಡು ತಂದದ್ದು, ಯಶೋದೆ ಹೆತ್ತದ್ದಲ್ಲ. ನಂದ ಯಶೋದೆಯರು ಬಿಳುಪಾಗಿರುವಾಗ ನೀನೇಕೆ ಕಪ್ಪು ಎಂದು ಅಣ್ಣ ಚುಡಾಯಿಸುತ್ತಾನೆಂದು ಕೃಷ್ಣ ತಾಯಿಗೆ ದೂರು ಹೇಳುತ್ತಾನೆ. ‘ನಿನ್ನನ್ನು ತಿಪ್ಪೆಯಿಂದ ಎತ್ತಿ ತಂದದ್ದು’ ಎಂಬ ಮಾತನ್ನು ಕೇಳಿ ಬೆಳೆದ ನಮ್ಮವರಿಗೆ ಇದು ತಮ್ಮ ಮನೆಯ ಜಗಲಿಯಲ್ಲೇ ನಡೆದಂತೆ ಕಾಣುತ್ತದೆ. ಆದರೂ ಇಲ್ಲಿನ ದೂರು ಕಿರಿಯವನದು. ಅಂಥ ಸುಳ್ಳನ್ನು ಕಟ್ಟುವಷ್ಟು ಸಂಕಟ ಹಿರಿಯವನಿಗೆ ಏನಿತ್ತು ಎಂದು ಈ ಪದವೂ ಕೇಳುವುದಿಲ್ಲ.

ಹೆಂಗಸರೇ ಕಟ್ಟಿದ ಹಾಡುಗಳಲ್ಲಿ ಸಿಕ್ಕೀತೆ ಎಂದು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಪುಸ್ತಕವನ್ನು ತೆರೆದರೆ ಅಲ್ಲಿ ಕೂಸಿನ ಅಳು, ನಗು, ಆಟ, ಹಟ ಎಲ್ಲವೂ ತುಂಬಿ ತುಳುಕುತ್ತವೆ. ಅಣ್ಣ ತಮ್ಮಂದಿರೂ ಧಾರಾಳವಾಗಿ ಬರುತ್ತಾರೆ. ಆದರೆ ಅವರು ಬರುವುದು ತವರಿನ ಹೆಮ್ಮೆಯಾಗಿ. ಆಗಲೇ ಬೆಳೆದು, ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆಯಲು ಬರುವವರಾಗಿ. ಒಂದೇ ಸೆರಗನ್ನು ಎರಡು ಕಡೆಯಿಂದ ಎಳೆದಾಡಿದ ದಿನಗಳು ಹಾಡಿನ ಹೊರಗೇ ಉಳಿಯುತ್ತವೆ. ಜೋಗುಳದಲ್ಲಂತೂ ಇನ್ನೊಂದು ಸೂಕ್ಷ್ಮವಿದೆ. ಜೋಗುಳಕ್ಕೆ ಕೇಳುಗರು ಒಬ್ಬರಲ್ಲ, ಇಬ್ಬರು. ತೊಟ್ಟಿಲಲ್ಲಿರುವ ಕೂಸಿಗೆ ಹಾಡಿನ ಅರ್ಥ ತಿಳಿಯದು. ಕೆಳಗೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದಂತಿರುವ ದೊಡ್ಡ ಮಗುವಿಗೆ ಪ್ರತಿಯೊಂದು ಮಾತೂ ತಿಳಿಯುತ್ತದೆ. ಚಿನ್ನ, ರನ್ನ, ಮುದ್ದು ಎಂಬ ಹೆಸರುಗಳು ಹೋದ ವರ್ಷ ತನ್ನವಾಗಿದ್ದುವೆಂಬುದೂ ತಿಳಿಯುತ್ತದೆ. ಲೋಕದ ಎಷ್ಟೋ ಜೋಗುಳಗಳನ್ನು ಹೀಗೆ ಕೇಳಿಸಿಕೊಂಡವರಿದ್ದಾರೆ. ಆ ಕೇಳುಗನಿಗಾಗಿ ಹಾಡಿದ ಒಂದು ಸೊಲ್ಲನ್ನು ನಾನಿನ್ನೂ ಕಂಡಿಲ್ಲ.

ಮಕ್ಕಳಿಗಾಗಿಯೇ ಬರೆದವರಲ್ಲಿ ಜಿ. ಪಿ. ರಾಜರತ್ನಂ ಅವರಷ್ಟು ಮನೆಮಾತಾದವರು ವಿರಳ. ಅವರ ತುತ್ತೂರಿಯ ಪದ್ಯದಲ್ಲಿ ಜಂಬಪಡುವ ಹುಡುಗನಿದ್ದಾನೆ. ಇನ್ನೊಂದು ಪದ್ಯದಲ್ಲಿ ನಾಯಿಮರಿಯೊಡನೆ ಮಾತುಕತೆಯಿದೆ. ಲಯ ಸುಲಭ, ನಗು ನಿರ್ಮಲ. ಈ ಪದ್ಯಗಳ ಋಣ ತೀರಿಸುವಂಥದಲ್ಲ. ಆದರೂ ಗಮನಿಸಬೇಕು: ಈ ಮಗುವಿಗೆ ತುತ್ತೂರಿಯಿದೆ, ನಾಯಿಮರಿಯಿದೆ, ಆ ತುತ್ತೂರಿಯನ್ನು ಕಿತ್ತುಕೊಳ್ಳುವ ತಮ್ಮನಿಲ್ಲ. ನಿಜವಾದ ಮನೆಯಲ್ಲಿ ತುತ್ತೂರಿಯ ಸ್ವರ ಕೆಡುವುದು ನೀರಿಗೆ ಬಿದ್ದಲ್ಲ; ಎರಡು ವರ್ಷದ ತಂಗಿ ಅದನ್ನು ನೆಲಕ್ಕೆ ಕುಟ್ಟಿದ್ದರಿಂದ. ಆಗ “ಹೋಗಲಿ ಬಿಡೋ, ಅವಳು ಚಿಕ್ಕವಳು” ಎಂಬ ತೀರ್ಪು ಹೊರಡುತ್ತದೆ. ತಾನು ಚಿಕ್ಕವನಾಗಿದ್ದುದು ಯಾವಾಗ ಮುಗಿಯಿತೆಂದು ನಾಲ್ಕು ವರ್ಷದವನಿಗೆ ಅರ್ಥವಾಗುವುದೇ ಇಲ್ಲ.

ಇಷ್ಟು ಸಣ್ಣ ವಿಷಯವನ್ನು ಸಾಹಿತ್ಯ ಏಕೆ ದೊಡ್ಡದು ಮಾಡಬೇಕು, ಎರಡು ದಿನದಲ್ಲಿ ಮಗು ಮರೆತುಬಿಡುತ್ತದಲ್ಲ, ಎಂದು ಕೇಳುವವರುಂಟು. ಅವರಿಗೆ ವೈದ್ಯಶಾಸ್ತ್ರದ ಒಂದು ಹೆಸರನ್ನು ನೆನಪಿಸಬೇಕೆನಿಸುತ್ತದೆ. ಇಂದಿನ ಘಾನಾ ದೇಶದಲ್ಲಿ ಕೆಲಸ ಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಮೊಲೆ ಬಿಡಿಸಿದ ಎಳೆಯ ಮಕ್ಕಳಲ್ಲಿ ಮೈ ಊದಿಕೊಂಡು ಬರುವ ಒಂದು ರೋಗವನ್ನು ವಿವರಿಸಿದರು. ತಾಯಿಯ ಹಾಲು ತಪ್ಪಿ, ಮುಸುಕಿನ ಜೋಳದ ಗಂಜಿಯಷ್ಟೇ ಆಹಾರವಾದಾಗ ಬರುವ ಕಾಯಿಲೆ ಅದು. ಅಲ್ಲಿನ ಗಾ ಭಾಷೆಯ ಜನ ಅದನ್ನು ಕರೆಯುತ್ತಿದ್ದ ಹೆಸರನ್ನೇ ಅವರು 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಳಸಿದರು: ಕ್ವಾಷಿಯೋರ್ಕರ್. ಹಿಂದೆಯೇ ಇನ್ನೊಂದು ಕೂಸು ಬಂದಾಗ ಮೊದಲ ಮಗುವಿಗೆ ತಗಲುವ ರೋಗ ಎಂಬುದು ಅದರ ಭಾವ. ವೈದ್ಯರು ಪೋಷಣೆಯ ಕೊರತೆಯನ್ನು ಹುಡುಕುವ ಮೊದಲೇ ಆ ತಾಯಂದಿರ ಭಾಷೆ ಜಾಗ ಕಳೆದುಕೊಂಡ ಮಗುವನ್ನು ಕಂಡು ಹೆಸರಿಟ್ಟಿತ್ತು. ಹೊಟ್ಟೆ ತುಂಬಿದ ಮನೆಗಳಲ್ಲಿ ಆ ರೋಗ ಬರಲಾರದು. ಜಾಗ ಕಳೆದುಕೊಳ್ಳುವುದು ಮಾತ್ರ ಎಲ್ಲ ಮನೆಗಳಲ್ಲಿಯೂ ಇದೆ. ಅದಕ್ಕೆ ಹೆಸರಿಡಬೇಕಾದದ್ದು ವೈದ್ಯರಲ್ಲ, ಕವಿಗಳು.

ಹಿರಿಯ ಮಗುವನ್ನು ನಮ್ಮ ಕಲೆ ಕಾಣಲೇ ಇಲ್ಲ ಎಂದರೆ ತಪ್ಪಾದೀತು. ಕಂಡಿದೆ, ಆದರೆ ಕಂಡೊಡನೆ ಅದರ ತಲೆಯ ಮೇಲೆ ತ್ಯಾಗದ ಹೊರೆ ಹೊರಿಸಿದೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ಬೆಟ್ಟದ ಹೂವು’ (1985) ಚಿತ್ರದ ಹುಡುಗ ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕವನ್ನು ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಪುಸ್ತಕವನ್ನು ಬಿಟ್ಟು ಮನೆಯವರ ಚಳಿಗೆ ಕಂಬಳಿ ತರುತ್ತಾನೆ. ಪುನೀತ್ ಅವರ ಬಾಲನಟನೆಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರವಿದು. ಆ ಮುಖವನ್ನು ಒಮ್ಮೆ ನೋಡಿದವರು ಮರೆಯಲಾರರು. ಆದರೆ ಆತ ಕೈಬಿಟ್ಟ ಪುಸ್ತಕದ ನಾಯಕನೂ ತಮ್ಮನಿಗೆ ರಾಜ್ಯ ಬಿಟ್ಟು ಕಾಡಿಗೆ ಹೋದ ಹಿರಿಯ ಮಗನೇ ಅಲ್ಲವೆ? ಹಿರಿಯ ಮಗುವೆಂದರೆ ಬಿಟ್ಟುಕೊಡುವ ಮಗು ಎಂಬ ಪಾಠ ಪುಸ್ತಕ ಓದುವ ಮೊದಲೇ ಅವನಿಗೆ ಬಂದುಬಿಟ್ಟಿತ್ತು. ಬಿಟ್ಟುಕೊಡುವ ಮುನ್ನ ಆ ಮನಸ್ಸು ‘ನಾನೇ ಏಕೆ?’ ಎಂದು ಒಮ್ಮೆಯಾದರೂ ಕೇಳಿಕೊಳ್ಳುವುದಕ್ಕೆ ನಾವು ಎಡೆ ಕೊಡಬೇಕು. ಇನ್ನು ಹೆಣ್ಣುಮಗುವಿನ ಪಾಡು ಹೇಳುವುದೇ ಬೇಡ. ‘ಅಕ್ಕ’ ಎಂಬುದು ಅವಳಿಗೆ ಹೆಸರಾಗುವ ಮೊದಲೇ ಕೆಲಸವಾಗುತ್ತದೆ. ಕಂಕುಳಲ್ಲಿ ತಮ್ಮನನ್ನಿಟ್ಟುಕೊಂಡು ಶಾಲೆಯ ಬಾಗಿಲಲ್ಲಿ ನಿಂತ ಏಳೆಂಟು ವರ್ಷದ ಹುಡುಗಿಯನ್ನು ನಾವೆಲ್ಲ ನೋಡಿದ್ದೇವೆ.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಈ ದೃಷ್ಟಿಯಿಂದ ಮತ್ತೆ ಓದಬೇಕಾದ ಕಾದಂಬರಿ. ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ, ವಿಶ್ವ ಬಡತನದಲ್ಲಿ, ತನ್ನ ಹೊಟ್ಟೆಯನ್ನಷ್ಟೇ ನೋಡಿಕೊಳ್ಳುವ ತಂದೆಯ ಮನೆಯಲ್ಲಿ ಒಟ್ಟಿಗೆ ಬೆಳೆಯುತ್ತಾರೆ. ಪ್ಲೇಗು ಹಿರಿಯರಿಬ್ಬರನ್ನು ಕೊಂಡೊಯ್ದು ಕಿರಿಯವನನ್ನು ಉಳಿಸುತ್ತದೆ. ಕನ್ನಡದಲ್ಲಿ ಇಷ್ಟು ನಿಷ್ಠುರವಾಗಿ ಮಕ್ಕಳಿರುವ ಮನೆಯನ್ನು ಚಿತ್ರಿಸಿದ ಕೃತಿಗಳು ಹೆಚ್ಚಿಲ್ಲ. ಆದರೂ ಕಾದಂಬರಿಯ ಕಣ್ಣು ತಾಯಿಯದು. ಮಕ್ಕಳು ಏನು ಉಂಡರು ಎಂಬುದನ್ನು ಅದು ತಾಯಿಯ ಆತಂಕದಿಂದ ನೋಡುತ್ತದೆ. ಉಣ್ಣುವಾಗ ಒಬ್ಬರ ತಟ್ಟೆಯನ್ನು ಒಬ್ಬರು ಹೇಗೆ ನೋಡಿದರು ಎಂಬುದು ಅದರ ಮುಖ್ಯ ಚಿಂತೆಯಲ್ಲ. ಇದು ಕೃತಿಯ ದೋಷವಲ್ಲ, ಅದು ತಾನಾಗಿ ಹಾಕಿಕೊಂಡ ಮೇರೆ. ಆ ಮೇರೆಯ ಆಚೆಗಿನ ನೆಲ ಇನ್ನೂ ಬೀಳುಬಿದ್ದಿದೆ ಎಂಬುದಷ್ಟೇ ನನ್ನ ಮಾತು.

ಆ ನೆಲವನ್ನು ಉತ್ತರೆ ಎಂಥ ಬೆಳೆ ಬಂದೀತೆಂಬುದಕ್ಕೆ ನೆರೆಯ ಸಾಕ್ಷ್ಯಗಳಿವೆ. ಆರ್. ಕೆ. ನಾರಾಯಣ್ ಅವರ ಇಂಗ್ಲಿಷ್ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935)ನಲ್ಲಿ ಸ್ವಾಮಿಗೆ ತಮ್ಮ ಹುಟ್ಟುತ್ತಾನೆ. ಹತ್ತು ವರ್ಷದ ಹುಡುಗನಿಗೆ ಅದೊಂದು ವಿಚಿತ್ರ ಪ್ರಾಣಿಯಂತೆ ಕಾಣುತ್ತದೆ. ಲೇಖಕರು ಅವನನ್ನು ತಿದ್ದಲು ಹೋಗುವುದಿಲ್ಲ, ಅವನ ಬಾಯಲ್ಲಿ ಮುದ್ದಿನ ಮಾತನ್ನು ತುರುಕುವುದೂ ಇಲ್ಲ. ಬಂಗಾಳಿಯ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ (1929) ಇನ್ನೂ ಆಳಕ್ಕೆ ಇಳಿಯುತ್ತದೆ. ಅಪು ಹುಟ್ಟಿದ ರಾತ್ರಿ ಅವನ ಅಳು ಅರೆನಿದ್ದೆಯಲ್ಲಿದ್ದ ಪುಟ್ಟ ದುರ್ಗೆಗೆ ಬೆಕ್ಕಿನ ಮರಿಯ ಕೂಗಿನಂತೆ ಕೇಳಿಸುತ್ತದೆ. ಆ ದುರ್ಗೆಯೇ ಮುಂದೆ ತಮ್ಮನಿಗೆ ತೋಟ, ಕಾಡು, ಬಯಲುಗಳನ್ನು ತೋರಿಸಿಕೊಡುತ್ತಾಳೆ. ಅವಳು ತ್ಯಾಗದ ಗೊಂಬೆಯಲ್ಲ: ಕದಿಯುತ್ತಾಳೆ, ಸುಳ್ಳು ಹೇಳುತ್ತಾಳೆ, ಹೊಡೆತ ತಿನ್ನುತ್ತಾಳೆ. ಸತ್ಯಜಿತ್ ರಾಯ್ 1955ರಲ್ಲಿ ತೆರೆಗೆ ತಂದ ಚಿತ್ರದ ಕೊನೆಯಲ್ಲಿ, ತೀರಿಹೋದ ಅಕ್ಕ ಬಚ್ಚಿಟ್ಟಿದ್ದ ಕದ್ದ ಸರ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಒಂದು ಮಾತೂ ಇಲ್ಲ. ತಂದೆತಾಯಿಗಳಿಗೆ ಗೊತ್ತಿಲ್ಲದ, ಎಂದೂ ಗೊತ್ತಾಗದ ಒಂದು ಸಂಸಾರ ಆ ಇಬ್ಬರು ಮಕ್ಕಳ ನಡುವೆ ಇತ್ತೆಂದು ಆಗ ನಮಗೆ ತಿಳಿಯುತ್ತದೆ.

ನಾನು ಕೇಳುವುದು ಇದನ್ನೇ. ಮನೆಯೆಂದರೆ ಗಂಡ ಹೆಂಡಿರ, ಅತ್ತೆ ಸೊಸೆಯರ ಸಂಬಂಧವೆಂದು ನಮ್ಮ ಕಥೆಗಾರರು ಬಹುಕಾಲ ಬಗೆದರು. ಮೊಣಕಾಲೆತ್ತರದಲ್ಲಿ ನಡೆಯುವ ಇನ್ನೊಂದು ಸಂಸಾರ ಅದೇ ಮನೆಯಲ್ಲಿದೆ. ಅಲ್ಲಿ ಆಸ್ತಿಯ ಪಾಲು ಎಂದರೆ ತಾಯಿಯ ಎಡಮಗ್ಗುಲು ಬಲಮಗ್ಗುಲು. ದ್ರೋಹವೆಂದರೆ ತನ್ನ ಹಳೆಯ ಅಂಗಿಯನ್ನು ಕೇಳದೆ ತಮ್ಮನಿಗೆ ತೊಡಿಸಿದ್ದು. ರಾಜಿಯೆಂದರೆ ಅರ್ಧ ಕಚ್ಚಿದ ಬೆಲ್ಲದ ಚೂರು. ನ್ಯಾಯ ಅನ್ಯಾಯಗಳ ಮೊದಲ ಪಾಠವನ್ನು ಮನುಷ್ಯ ಕಲಿಯುವುದು ಅಲ್ಲಿಯೇ. ಇಂದು ಎಷ್ಟೋ ಮನೆಗಳಲ್ಲಿ ಒಂದೇ ಮಗು. ಹೀಗಿರುವಾಗ, ಎರಡು ಮಕ್ಕಳಿದ್ದ ಮನೆಯ ನೆನಪುಳ್ಳವರು ಅದನ್ನು ಬರೆದಿಡದಿದ್ದರೆ ಮುಂದಿನವರಿಗೆ ಅದು ಊಹೆಯ ವಿಷಯವಾಗಿಬಿಟ್ಟೀತು.

ಬರೆಯುವವರಿಗೆ ಹೆಚ್ಚಿನ ಸಾಮಗ್ರಿಯೇನೂ ಬೇಕಾಗಿಲ್ಲ. ಮುಂದಿನ ಸಲ ಬಾಣಂತಿಯ ಮನೆಗೆ ಹೋದಾಗ ತೊಟ್ಟಿಲನ್ನು ನೋಡುವ ಮೊದಲು ಬಾಗಿಲ ಮರೆಯಲ್ಲಿ ಯಾರಿದ್ದಾರೆಂದು ನೋಡಿದರೆ ಸಾಕು. ಆ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತು, ತಮ್ಮನ ಮಾತನ್ನೆತ್ತದೆ, ಅದರ ಮಾತಿಗಾಗಿ ಕಾಯಬೇಕು.