ಬಾತುಹೊಂಡದ ಬೇಸಿಗೆ ನಂಜು

ಬಾತುಕೋಳಿ, ಹೆಬ್ಬಾತುಗಳನ್ನು ಅಕ್ಕರೆಯಿಂದ ಸಾಕುವವರು ತಳಿಗೂ ಗರಿಯ ಹೊಳಪಿಗೂ ಕೊಡುವಷ್ಟು ಗಮನವನ್ನು ಅವು ಈಜುವ ನೀರಿಗೆ ಕೊಡುವುದು ಅಪರೂಪ. ಬಸವಕಲ್ಯಾಣದ ನಾರಾಯಣಪುರದಂಥ ಬಿಸಿಲುಸೀಮೆಯ ಊರುಗಳಲ್ಲಿ ಶಿವರಾತ್ರಿ ಕಳೆದು, ಹೊಂಡದ ನೀರು ತಳ ಹಿಡಿಯುವ ಹೊತ್ತಿಗೆ, ಹಿಂಡನ್ನೇ ಕೆಡವಬಲ್ಲ ಬೊಟುಲಿಸಂ ಎಂಬ ಕಾಯಿಲೆಗೆ ಆ ಕೆಸರೇ ತವರಾಗಬಹುದು.

ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೀಜಕವಾಗಿ, ಎಂದರೆ ಗಟ್ಟಿ ಕವಚದೊಳಗಿನ ಸುಪ್ತ ರೂಪದಲ್ಲಿ, ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು, ನೀರು ಕಾದು ಆಮ್ಲಜನಕ ಕುಗ್ಗಿ ಕೊಳೆತ ಮಾಂಸ ಸಿಕ್ಕಾಗ ಬೆಳೆದು ನಂಜನ್ನು ಸ್ರವಿಸುತ್ತದೆ. ಸತ್ತ ಹಕ್ಕಿಯ ಮೇಲೆ ಹುಟ್ಟುವ ನೊಣದ ಮರಿಹುಳುಗಳು ಆ ನಂಜನ್ನು ಮೈಯಲ್ಲಿ ತುಂಬಿಕೊಂಡರೂ ಸಾಯುವುದಿಲ್ಲ. ಅವನ್ನು ಹೆಕ್ಕಿ ತಿಂದ ಬಾತು ಸಾಯುತ್ತದೆ, ಅದರ ಕಳೇಬರ ಮತ್ತಷ್ಟು ಹುಳುಗಳಿಗೆ ಮನೆಯಾಗುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ನಂಜು ತಡೆಯುವುದರಿಂದ ಮೊದಲು ಕಾಲು ಸೋತ ಹಕ್ಕಿ ರೆಕ್ಕೆಯನ್ನೇ ಹುಟ್ಟಿನಂತೆ ಬಡಿದು ದಡ ಸೇರಲು ಯತ್ನಿಸುತ್ತದೆ. ಆಮೇಲೆ ಕತ್ತು ಜೋತುಬಿದ್ದು, ಎಷ್ಟೋ ಸಲ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವ ನಿರ್ದಿಷ್ಟ ಗಾಯವೇನೂ ಇರುವುದಿಲ್ಲ.

2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಉಪ್ಪುಸರೋವರದಲ್ಲಿ 18,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತದ್ದು ಇದೇ ಕಾಯಿಲೆಯಿಂದ ಎಂದು ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ದೃಢಪಡಿಸಿತು. ಅಲ್ಲಿ ಸರೋವರದ ವಿಸ್ತಾರವೇ ಕಳೇಬರ ಹೆಕ್ಕುವ ಕೆಲಸವನ್ನು ಕಠಿಣಗೊಳಿಸಿತ್ತು. ಅಂಗೈಯಗಲದ ಹೊಂಡವುಳ್ಳ ಸಾಕಣೆದಾರನಿಗೆ ಆ ನೆಪವಿಲ್ಲ.

ಆದರೆ ನೀರುಹಕ್ಕಿಗಳ ಸಾಲುಸಾವನ್ನೆಲ್ಲ ಬೊಟುಲಿಸಂ ಎಂದುಕೊಳ್ಳುವಂತಿಲ್ಲ. 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನು ಸುಮಾರು ತಿಂಗಳ ಕಾಲ ಮುಚ್ಚಿಸಿದ್ದು ಎಚ್5ಎನ್8 ಎಂಬ ಹಕ್ಕಿಜ್ವರದ ವೈರಸ್. ಆದ್ದರಿಂದ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ, ಮಾರದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವಾಗ ಈ ಭಾಗದವರಿಗೆ ತಜ್ಞರ ಸಲಹೆ ದೂರವೂ ಅಲ್ಲ.

ಬೊಟುಲಿಸಂ ಎಂದು ಖಚಿತವಾದರೆ, ಹೊಟ್ಟೆ ಸೇರಿದ ನಂಜಿನ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡದಿದ್ದರೂ, ಸ್ವಲ್ಪವೇ ನಂಜು ತಗುಲಿದ ಹಕ್ಕಿಗಳು ನೆರಳು ಮತ್ತು ಶುದ್ಧ ನೀರಿನ ಆರೈಕೆಯಿಂದ ಚೇತರಿಸಿಕೊಳ್ಳುವುದುಂಟು. ಉಳಿದ ಹಿಂಡನ್ನು ಹೊಂಡದಿಂದ ದೂರವಿಟ್ಟು, ದಿನಕ್ಕೆರಡು ಬಾರಿ ದಡ ಸುತ್ತಿ ಕಳೇಬರಗಳನ್ನು ತೆಗೆದು ಸುಡುವುದು ಅಥವಾ ಆಳವಾಗಿ ಹೂಳುವುದು ಯಾವ ಔಷಧಿಗಿಂತಲೂ ಹೆಚ್ಚು ಹಕ್ಕಿಗಳನ್ನು ಉಳಿಸುತ್ತದೆ.